ಗಾಯದ ಬಾಗಿಲು ಕಾಯ್ದ ವೈದ್ಯ: ಜೋಸೆಫ್ ಲಿಸ್ಟರ್



ನಿಮ್ಮ ಮೊಣಕಾಲನ್ನು ಒಮ್ಮೆ ನೋಡಿಕೊಳ್ಳಿ. ಹಳೆಯ ಗಾಯದ ಕಲೆ ಒಂದಾದರೂ ಅಲ್ಲಿ ಕಾಣಿಸೀತು. ಕಬಡ್ಡಿ ಆಡುವಾಗ ಬಿದ್ದದ್ದೋ, ಸೈಕಲ್ ಕಲಿಯುವಾಗ ತರಚಿದ್ದೋ ಇರಬಹುದು. ಆಗ ರಕ್ತ ಬಂತು, ಉರಿಯಿತು, ಅತ್ತಿರಿ. ಮರುದಿನ ಹಕ್ಕಳೆ ಕಟ್ಟಿತು. ಕೆಲವು ದಿನ ಕಳೆದ ಮೇಲೆ ಹಕ್ಕಳೆ ತಾನಾಗಿಯೇ ಉದುರಿ, ಕೆಳಗೆ ಹೊಸ ಚರ್ಮ ಬಂದಿತ್ತು. ಆ ಚರ್ಮವನ್ನು ಯಾರು ಹೊಲಿದು ಕೊಟ್ಟರು? ಯಾರೂ ಇಲ್ಲ. ನಿಮ್ಮ ದೇಹವೇ ಅದನ್ನು ಮಾಡಿಕೊಂಡಿತು.

ಈಗ ಒಂದು ಪ್ರಶ್ನೆ. ಗಾಯವನ್ನು ಮಾಯಿಸಿಕೊಳ್ಳುವ ಶಕ್ತಿ ದೇಹಕ್ಕೇ ಇದೆ. ಹೀಗಿದ್ದರೂ ಸುಮಾರು 160 ವರ್ಷಗಳ ಹಿಂದೆ ಯೂರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಸಾವಿರಾರು ಜನ ಗಾಯದಿಂದಲೇ ಸಾಯುತ್ತಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿರುತ್ತಿತ್ತು. ಆದರೂ ವಾರ ಕಳೆಯುವುದರೊಳಗೆ ರೋಗಿ ತೀರಿಕೊಳ್ಳುತ್ತಿದ್ದ. ಏಕೆ ಹೀಗೆ? ಈ ಪ್ರಶ್ನೆಯನ್ನು ಹಿಡಿದು ಹೊರಟ ಒಬ್ಬ ವೈದ್ಯರ ಕಥೆಯನ್ನು ಇಂದು ತಿಳಿಯೋಣ.

ಮಸೂರಗಳ ಮನೆಯಲ್ಲಿ ಬೆಳೆದ ಬಾಲಕ

ಜೋಸೆಫ್ ಲಿಸ್ಟರ್ ಹುಟ್ಟಿದ್ದು 1827ರ ಏಪ್ರಿಲ್ 5ರಂದು, ಇಂಗ್ಲೆಂಡಿನ ಲಂಡನ್ ನಗರದ ಸಮೀಪದ ಅಪ್ಟನ್ ಎಂಬ ಊರಿನಲ್ಲಿ. ತಂದೆ ದ್ರಾಕ್ಷಾರಸದ ವ್ಯಾಪಾರಿ. ಆದರೆ ಅವರಿಗೆ ವ್ಯಾಪಾರಕ್ಕಿಂತ ಮಸೂರಗಳ ಮೇಲೆ ಹೆಚ್ಚು ಪ್ರೀತಿ. ಆ ಕಾಲದ ಸೂಕ್ಷ್ಮದರ್ಶಕಗಳಲ್ಲಿ ಒಂದು ದೊಡ್ಡ ದೋಷವಿತ್ತು. ನೋಡುವ ವಸ್ತುವಿನ ಸುತ್ತ ಬಣ್ಣದ ಅಂಚು ಕಾಣಿಸಿ ಚಿತ್ರವೆಲ್ಲ ಮಸುಕಾಗುತ್ತಿತ್ತು. ಲಿಸ್ಟರ್ ತಂದೆ ಬಿಡುವಿನ ವೇಳೆಯಲ್ಲಿ ಲೆಕ್ಕ ಹಾಕಿ, ಮಸೂರಗಳನ್ನು ಹೊಸ ರೀತಿಯಲ್ಲಿ ಜೋಡಿಸಿ, 1830ರ ವೇಳೆಗೆ ಈ ದೋಷವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದರು.

ಇಂಥ ಮನೆಯಲ್ಲಿ ಬೆಳೆದ ಬಾಲಕ ಜೋಸೆಫ್‌ಗೆ ಕಣ್ಣಿಗೆ ಕಾಣದ್ದನ್ನು ನೋಡುವ ಹುಚ್ಚು ಚಿಕ್ಕಂದಿನಲ್ಲೇ ಹತ್ತಿತು. ತಾನು ಶಸ್ತ್ರವೈದ್ಯನಾಗಬೇಕು ಎಂಬ ಆಸೆಯೂ ಆಗಲೇ ಮೂಡಿತು.

ಲಿಸ್ಟರ್ ಮನೆಯವರು ಕ್ವೇಕರ್ ಎಂಬ ಪಂಥಕ್ಕೆ ಸೇರಿದವರು. ಸರಳ ಉಡುಪು, ಸರಳ ಬದುಕು ಅವರ ರೀತಿ. ಆಗ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿ ಈ ಪಂಥದವರಿಗೆ ಪದವಿ ಪಡೆಯುವ ಅವಕಾಶ ಇರಲಿಲ್ಲ. ಆದ್ದರಿಂದ ಲಿಸ್ಟರ್ ಎಲ್ಲ ಮತದವರಿಗೂ ತೆರೆದಿದ್ದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿದರು. ನಡುವೆ ಸಿಡುಬು ಬಂತು, ಮನಸ್ಸಿಗೂ ಬಳಲಿಕೆ ಉಂಟಾಗಿ ಓದು ನಿಂತಿತು. ಚೇತರಿಸಿಕೊಂಡು ಮರಳಿ ಬಂದು, 1852ರಲ್ಲಿ ವೈದ್ಯ ಪದವಿ ಪಡೆದರು.

ನೋವು ಹೋಯಿತು, ಸಾವು ಹೋಗಲಿಲ್ಲ

ಲಿಸ್ಟರ್ ವಿದ್ಯಾರ್ಥಿಯಾಗಿದ್ದಾಗಲೇ ವೈದ್ಯಲೋಕದಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. 1846ರಲ್ಲಿ ಈಥರ್ ಎಂಬ ಅರಿವಳಿಕೆ ಬಳಕೆಗೆ ಬಂತು. ಅದಕ್ಕೆ ಮುಂಚೆ ರೋಗಿಯನ್ನು ನಾಲ್ಕು ಜನ ಬಿಗಿಯಾಗಿ ಹಿಡಿದುಕೊಂಡು, ಅವನು ಚೀರುತ್ತಿರುವಾಗಲೇ ಕಾಲು ಕತ್ತರಿಸಬೇಕಾಗಿತ್ತು. ಈಥರ್ ಬಂದ ಮೇಲೆ ರೋಗಿ ನಿದ್ದೆ ಹೋಗುತ್ತಿದ್ದ. ವೈದ್ಯರು ಅವಸರವಿಲ್ಲದೆ ಕೆಲಸ ಮಾಡಬಹುದಾಗಿತ್ತು.

ಆದರೆ ಶಸ್ತ್ರಚಿಕಿತ್ಸೆಯ ನಂತರದ ಸಾವು ಮಾತ್ರ ನಿಲ್ಲಲಿಲ್ಲ. ಎರಡು ಮೂರು ದಿನಕ್ಕೆ ಗಾಯ ಕೆಂಪಾಗಿ ಊದಿಕೊಳ್ಳುತ್ತಿತ್ತು. ಕೀವು ತುಂಬುತ್ತಿತ್ತು. ಜ್ವರ ಏರುತ್ತಿತ್ತು. ಕೆಲವರ ಮಾಂಸ ಕಪ್ಪಾಗಿ ಕೊಳೆಯುತ್ತಿತ್ತು. ವಾರ್ಡಿಗೆ ಕಾಲಿಟ್ಟರೆ ಮೂಗು ಮುಚ್ಚಿಕೊಳ್ಳಬೇಕು, ಅಂಥ ದುರ್ವಾಸನೆ.

ಆ ಕಾಲದ ಶಸ್ತ್ರವೈದ್ಯರು ಹೇಗೆ ಕೆಲಸ ಮಾಡುತ್ತಿದ್ದರು ಗೊತ್ತೇ? ಶಸ್ತ್ರಚಿಕಿತ್ಸೆಗೆಂದೇ ಒಂದು ಹಳೆಯ ಕೋಟು. ಅದನ್ನು ಒಗೆಯುವ ಪದ್ಧತಿಯೇ ಇಲ್ಲ. ರಕ್ತ, ಕೀವು ಒಣಗಿ ಕೋಟು ರಟ್ಟಿನಂತೆ ಗಟ್ಟಿಯಾದಷ್ಟೂ ಆ ವೈದ್ಯರಿಗೆ ಅನುಭವ ಹೆಚ್ಚು ಎಂಬ ಹೆಮ್ಮೆ! ಒಬ್ಬ ರೋಗಿಯ ಗಾಯ ಒರೆಸಿದ ಸ್ಪಂಜನ್ನೇ ನೀರಿನಲ್ಲಿ ಅದ್ದಿ ಇನ್ನೊಬ್ಬನ ಗಾಯ ಒರೆಸುತ್ತಿದ್ದರು. ಕೆಲಸ ಮುಗಿದ ಮೇಲೆ ಕೈ ತೊಳೆಯುತ್ತಿದ್ದರೇ ಹೊರತು ಅದಕ್ಕೆ ಮುಂಚೆ ಅಲ್ಲ. ಗಾಯದಲ್ಲಿ ಕೀವಾಗುವುದು ವಾಸಿಯಾಗುವ ಲಕ್ಷಣ ಎಂದೇ ಬಹಳಷ್ಟು ಮಂದಿ ನಂಬಿದ್ದರು. ಗಾಯ ಕೊಳೆಯುವುದಕ್ಕೆ ಕೆಟ್ಟ ಗಾಳಿಯೇ ಕಾರಣ ಎಂಬ ನಂಬಿಕೆಯೂ ಇತ್ತು.

ಇವರು ಕೆಟ್ಟವರಲ್ಲ ಮಕ್ಕಳೇ. ರೋಗಿ ಬದುಕಬೇಕು ಎಂದೇ ಅವರೂ ದುಡಿಯುತ್ತಿದ್ದರು. ಆದರೆ ತಮ್ಮ ಕೈಗಳೇ ರೋಗವನ್ನು ಹೊತ್ತು ತರುತ್ತಿವೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕಪ್ಪೆಯ ಕಾಲು, ಮುರಿದ ಮೂಳೆ

1853ರಲ್ಲಿ ಲಿಸ್ಟರ್ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋದರು. ಅಲ್ಲಿ ಜೇಮ್ಸ್ ಸೈಮ್ ಎಂಬ ಹೆಸರಾಂತ ಶಸ್ತ್ರವೈದ್ಯರ ಬಳಿ ಕೆಲಸ ಕಲಿತರು. 1856ರಲ್ಲಿ ಸೈಮ್ ಅವರ ಮಗಳು ಆಗ್ನೆಸ್ ಅವರನ್ನು ಮದುವೆಯಾದರು. ಆಗ್ನೆಸ್ ವಿಜ್ಞಾನದಲ್ಲೂ ಪತಿಗೆ ಜೊತೆಯಾದರು. ಲಿಸ್ಟರ್ ಪ್ರಯೋಗ ಮಾಡುತ್ತಾ ಹೇಳಿದ್ದನ್ನು ಅವರು ಗಂಟೆಗಟ್ಟಲೆ ಕುಳಿತು ಬರೆದುಕೊಳ್ಳುತ್ತಿದ್ದರು. ಲಿಸ್ಟರ್ ಅವರ ಎಷ್ಟೋ ಪ್ರಯೋಗಗಳ ಟಿಪ್ಪಣಿಗಳು ಆಗ್ನೆಸ್ ಅವರ ಕೈಬರಹದಲ್ಲೇ ಇವೆ.

ಕಪ್ಪೆಯ ಕಾಲ್ಬೆರಳುಗಳ ನಡುವಿನ ತೆಳು ಪೊರೆಯನ್ನು ನೀವು ನೋಡಿರಬಹುದು. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ರಕ್ತ ಹರಿಯುವುದೇ ಕಾಣುತ್ತದೆ. ಪೊರೆಗೆ ಪೆಟ್ಟಾದಾಗ ರಕ್ತನಾಳಗಳಲ್ಲಿ ಏನಾಗುತ್ತದೆ, ಊತ ಹೇಗೆ ಶುರುವಾಗುತ್ತದೆ, ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಎಂದು ಲಿಸ್ಟರ್ ವರ್ಷಗಟ್ಟಲೆ ಅಭ್ಯಾಸ ಮಾಡಿದರು.

1860ರಲ್ಲಿ ಅವರು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರಾದರು. ಮರುವರ್ಷ ಅಲ್ಲಿನ ರಾಯಲ್ ಇನ್‌ಫರ್ಮರಿ ಎಂಬ ದೊಡ್ಡ ಆಸ್ಪತ್ರೆಯ ವಾರ್ಡುಗಳ ಹೊಣೆ ಅವರಿಗೆ ಬಂತು. ಗ್ಲಾಸ್ಗೋ ಕಾರ್ಖಾನೆಗಳ ಊರು. ಯಂತ್ರಕ್ಕೆ ಸಿಕ್ಕಿದವರು, ಗಾಡಿಗೆ ಸಿಕ್ಕಿದವರು ದಿನವೂ ಬರುತ್ತಿದ್ದರು.

ಅವರನ್ನು ನೋಡುತ್ತಾ ಲಿಸ್ಟರ್ ಒಂದು ವಿಷಯ ಗಮನಿಸಿದರು. ಮೂಳೆ ಎರಡು ಬಗೆಯಲ್ಲಿ ಮುರಿಯುತ್ತದೆ. ಒಂದರಲ್ಲಿ ಮೂಳೆ ಒಳಗೇ ಮುರಿದಿರುತ್ತದೆ, ಮೇಲಿನ ಚರ್ಮ ಹರಿದಿರುವುದಿಲ್ಲ. ಅಂಥವರು ಸಾಮಾನ್ಯವಾಗಿ ಗುಣವಾಗಿ ಮನೆಗೆ ಹೋಗುತ್ತಿದ್ದರು. ಇನ್ನೊಂದರಲ್ಲಿ ಮುರಿದ ಜಾಗದಲ್ಲಿ ಚರ್ಮವೂ ಸೀಳಿರುತ್ತದೆ. ಅಂಥವರ ಗಾಯ ಕೊಳೆಯುತ್ತಿತ್ತು. ಕಾಲು ಕತ್ತರಿಸಬೇಕಾಗುತ್ತಿತ್ತು. ಎಷ್ಟೋ ಸಲ ಆಗಲೂ ಜೀವ ಉಳಿಯುತ್ತಿರಲಿಲ್ಲ.

ನೀವೇ ಯೋಚಿಸಿ. ಇಬ್ಬರೂ ಒಂದೇ ವಾರ್ಡಿನಲ್ಲಿ ಮಲಗಿದ್ದಾರೆ. ಇಬ್ಬರೂ ಒಂದೇ ಗಾಳಿ ಉಸಿರಾಡುತ್ತಿದ್ದಾರೆ. ಇಬ್ಬರಿಗೂ ಮೂಳೆ ಮುರಿದಿದೆ. ವ್ಯತ್ಯಾಸ ಇರುವುದು ಎಲ್ಲಿ? ಚರ್ಮದಲ್ಲಿ! ಒಬ್ಬನಿಗೆ ಚರ್ಮವೆಂಬ ಬಾಗಿಲು ಮುಚ್ಚಿದೆ, ಇನ್ನೊಬ್ಬನಿಗೆ ತೆರೆದಿದೆ. ಹಾಗಾದರೆ ಆ ಬಾಗಿಲಿನಿಂದ ಏನೋ ಒಳಗೆ ಬರುತ್ತಿರಬೇಕು. ಆ ಏನೋ ಯಾವುದು?

ಫ್ರಾನ್ಸಿನಿಂದ ಬಂದ ಉತ್ತರ

ಉತ್ತರದ ಸುಳಿವು ಸಿಕ್ಕಿದ್ದು ಒಬ್ಬ ರಸಾಯನ ವಿಜ್ಞಾನಿಯಿಂದ. ಗ್ಲಾಸ್ಗೋದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಆಂಡರ್ಸನ್ ಅವರು ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಲೇಖನಗಳ ಬಗ್ಗೆ ಲಿಸ್ಟರ್‌ಗೆ ತಿಳಿಸಿದರು. ಹಾಲು ಹುಳಿಯಾಗುವುದಕ್ಕೆ, ಮಾಂಸದ ಸಾರು ಕೆಡುವುದಕ್ಕೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣ ಎಂದು ಪಾಶ್ಚರ್ ತೋರಿಸಿದ್ದರು. ಕುದಿಸಿದ ಸಾರಿಗೆ ಹೊರಗಿನ ಸೂಕ್ಷ್ಮಜೀವಿಗಳು ಸೇರದಂತೆ ತಡೆದರೆ ಅದು ಕೆಡುತ್ತಲೇ ಇರಲಿಲ್ಲ.

ಲಿಸ್ಟರ್ ಆ ಪ್ರಯೋಗಗಳನ್ನು ತಾವೂ ಮಾಡಿ ನೋಡಿದರು. ಸಾರು ಕೆಡುವುದೂ ಗಾಯ ಕೊಳೆಯುವುದೂ ಒಂದೇ ಬಗೆಯ ಕೆಲಸ ಎಂದು ಅವರಿಗೆ ಹೊಳೆಯಿತು. ಸಾರನ್ನು ಕುದಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲಬಹುದು. ಮನುಷ್ಯನ ಕಾಲನ್ನು ಕುದಿಸಲು ಆಗುತ್ತದೆಯೇ? ಹಾಗಾದರೆ ಯಾವುದಾದರೂ ರಾಸಾಯನಿಕ ಬೇಕು.

ಅದೇ ಸಮಯದಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಎಂಬ ಊರಿನಲ್ಲಿ ಚರಂಡಿ ನೀರಿನ ದುರ್ವಾಸನೆ ಹೋಗಲು ಕಾರ್ಬಾಲಿಕ್ ಆಮ್ಲ ಹಾಕುತ್ತಿದ್ದ ಸಂಗತಿ ಅವರ ಕಿವಿಗೆ ಬಿತ್ತು. ಕಲ್ಲಿದ್ದಲಿನ ಡಾಂಬರಿನಿಂದ ತೆಗೆಯುವ ಈ ವಸ್ತುವಿಗೆ ಫೀನಾಲ್ ಎಂಬ ಹೆಸರೂ ಇದೆ. ಆ ನೀರು ಹರಿದ ಹುಲ್ಲುಗಾವಲಿನಲ್ಲಿ ಮೇದ ದನಗಳಿಗೆ ರೋಗವೂ ಕಡಿಮೆಯಾಗಿತ್ತು. ಲಿಸ್ಟರ್ ಅದನ್ನು ತರಿಸಿಕೊಂಡರು.

ಹನ್ನೊಂದು ವರ್ಷದ ಹುಡುಗ

1865ರ ಆಗಸ್ಟ್ 12. ನಿಮ್ಮಷ್ಟೇ ವಯಸ್ಸಿನ ಒಬ್ಬ ಹುಡುಗನನ್ನು ಆಸ್ಪತ್ರೆಗೆ ಹೊತ್ತು ತಂದರು. ಹೆಸರು ಜೇಮ್ಸ್ ಗ್ರೀನ್‌ಲೀಸ್, ವಯಸ್ಸು 11. ಗಾಡಿಯ ಚಕ್ರ ಅವನ ಎಡಗಾಲಿನ ಮೇಲೆ ಹರಿದಿತ್ತು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು, ಚರ್ಮ ಸೀಳಿತ್ತು. ಬಾಗಿಲು ತೆರೆದಿತ್ತು!

ಕಾಲು ಕತ್ತರಿಸಿದರೆ ಹುಡುಗ ಜೀವಮಾನವಿಡೀ ಕುಂಟಬೇಕು. ಕತ್ತರಿಸದೆ ಬಿಟ್ಟು ಗಾಯ ಕೊಳೆತರೆ ಜೀವಕ್ಕೇ ಸಂಚಕಾರ. ಹೊಸ ವಿಧಾನ ಫಲಿಸುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಲಿಸ್ಟರ್ ಕಾಲು ಉಳಿಸಲು ನಿರ್ಧರಿಸಿದರು. ಮೆತ್ತನೆಯ ಬಟ್ಟೆಯನ್ನು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿ ಗಾಯದ ಮೇಲೆ ಇಟ್ಟರು. ಮೂಳೆಯನ್ನು ಸರಿಯಾಗಿ ಕೂರಿಸಿ ಪಟ್ಟಿ ಕಟ್ಟಿದರು. ಆಮೇಲೆ ಕಾದರು.

ನಾಲ್ಕು ದಿನ ಕಳೆಯಿತು. ಪಟ್ಟಿ ಬಿಚ್ಚುವ ಹೊತ್ತು ಬಂತು. ಬಿಚ್ಚಿ ನೋಡಿದರೆ ಕೀವಿಲ್ಲ, ಕೊಳೆತ ವಾಸನೆ ಇಲ್ಲ! ಆಮ್ಲದ ಉರಿಗೆ ಸುತ್ತಲಿನ ಚರ್ಮ ಕೆಂಪಾಗಿತ್ತು, ಅಷ್ಟೇ. ಲಿಸ್ಟರ್ ಆಮ್ಲವನ್ನು ತೆಳುವಾಗಿಸಿ ಮತ್ತೆ ಪಟ್ಟಿ ಕಟ್ಟಿದರು. ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಜೇಮ್ಸ್ ತನ್ನ ಎರಡು ಕಾಲುಗಳೊಂದಿಗೆ ಮನೆಗೆ ಹೋದ.

ಇಲ್ಲಿ ಇನ್ನೊಬ್ಬ ವೈದ್ಯರನ್ನು ನೆನೆಯಲೇಬೇಕು. ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲೇ ವಿಯೆನ್ನಾ ನಗರದಲ್ಲಿ, ಹೆರಿಗೆ ಮಾಡಿಸುವ ವೈದ್ಯರು ಮೊದಲು ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿ ನೂರಾರು ತಾಯಂದಿರನ್ನು ಉಳಿಸಿದ್ದರು. ಅವರ ಮಾತಿಗೆ ಹೆಚ್ಚಿನವರು ಬೆಲೆ ಕೊಡಲಿಲ್ಲ. ಜೇಮ್ಸ್‌ಗೆ ಚಿಕಿತ್ಸೆ ಆದ ಮರುದಿನವೇ, 1865ರ ಆಗಸ್ಟ್ 13ರಂದು, ಅವರು ತೀರಿಕೊಂಡರು. ಸಾವಿಗೆ ಕಾರಣ ನಂಜಾದ ಗಾಯ.

ಲೆಕ್ಕ ಹೇಳಿದ ಸತ್ಯ

ಒಬ್ಬ ಹುಡುಗ ಗುಣವಾದ ಮಾತ್ರಕ್ಕೆ ವಿಧಾನ ಸರಿ ಎನ್ನಬಹುದೇ? ಅದೃಷ್ಟವೂ ಇರಬಹುದಲ್ಲ! ಲಿಸ್ಟರ್ ಆತುರಪಡಲಿಲ್ಲ. ಚರ್ಮ ಸೀಳಿದ 11 ಮೂಳೆಮುರಿತಗಳಿಗೆ ಇದೇ ಚಿಕಿತ್ಸೆ ಮಾಡಿದರು. ಒಬ್ಬರು ತೀರಿಕೊಂಡರು, ಒಬ್ಬರ ಕಾಲು ಕತ್ತರಿಸಬೇಕಾಯಿತು, ಉಳಿದ 9 ಮಂದಿ ಗುಣವಾದರು. 1867ರಲ್ಲಿ ಈ ವಿವರಗಳನ್ನು ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೋಲನ್ನೂ ಮುಚ್ಚಿಡಲಿಲ್ಲ.

ಕೈಕಾಲು ಕತ್ತರಿಸಿದ ರೋಗಿಗಳ ಲೆಕ್ಕವನ್ನೂ ಅವರು ಇಟ್ಟರು. ಹೊಸ ವಿಧಾನಕ್ಕೆ ಮುಂಚೆ 35 ರೋಗಿಗಳಲ್ಲಿ 16 ಜನ ಸತ್ತಿದ್ದರು. ಹೊಸ ವಿಧಾನದ ನಂತರ 40 ರೋಗಿಗಳಲ್ಲಿ ಸತ್ತವರು 6 ಜನ. ಇವನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸಿ ನೋಡಿ. ಮೊದಲಿನದು ಸುಮಾರು ಶೇ. 46, ಆಮೇಲಿನದು ಶೇ. 15. ನಿಮ್ಮ ಗಣಿತ ಪುಸ್ತಕದ ಶೇಕಡಾ ಲೆಕ್ಕದ ಹಿಂದೆ ಮನುಷ್ಯರ ಜೀವವೂ ಇರಬಹುದು, ನೋಡಿದಿರಾ?

ಆದರೂ ಎಲ್ಲರೂ ಒಪ್ಪಲಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಮನುಷ್ಯನನ್ನು ಕೊಲ್ಲುತ್ತವೆ ಎಂಬುದನ್ನು ಕೆಲವರು ನಗೆಯಾಡಿದರು. ಆಮ್ಲದಿಂದ ಕೈ ಬಿರಿಯುತ್ತದೆ, ಇದೆಲ್ಲ ಬರೀ ರಗಳೆ ಎಂದು ಗೊಣಗಿದವರೂ ಇದ್ದರು. ಲಿಸ್ಟರ್ ಜಗಳಕ್ಕೆ ಹೋಗದೆ ಕೆಲಸ ಮುಂದುವರಿಸಿದರು. ಜರ್ಮನಿಯ ವೈದ್ಯರು ಬೇಗ ಒಪ್ಪಿದರು. 1871ರಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನಲ್ಲಿ ಆಗಿದ್ದ ಕೀವುಗುಳ್ಳೆಯನ್ನು ಲಿಸ್ಟರ್ ಅವರೇ ಕೊಯ್ದು ಗುಣಪಡಿಸಿದರು. 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದು, ಮುರಿದ ಮಂಡಿಚಿಪ್ಪನ್ನು ತೆರೆದು ತಂತಿಯಿಂದ ಕಟ್ಟಿ ಸರಿಮಾಡಿದರು. ಗಟ್ಟಿಯಾಗಿರುವ ಚರ್ಮವನ್ನು ಬೇಕೆಂದೇ ಕೊಯ್ಯುವುದು ಅಂದು ಭಾರೀ ಸಾಹಸ. ಆ ರೋಗಿ ಗುಣವಾದುದನ್ನು ಕಂಡು ಲಂಡನ್ನಿನ ಅನೇಕರು ಮನಸ್ಸು ಬದಲಿಸಿದರು.

ತಪ್ಪನ್ನು ಒಪ್ಪಿಕೊಂಡ ದೊಡ್ಡತನ

ಲಿಸ್ಟರ್ ಹೇಳಿದ್ದೆಲ್ಲ ಸರಿಯಾಗಿತ್ತೇ? ಇಲ್ಲ. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳೇ ದೊಡ್ಡ ಅಪಾಯ ಎಂದುಕೊಂಡು, 1871ರಿಂದ ಅವರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕಾರ್ಬಾಲಿಕ್ ಆಮ್ಲವನ್ನು ತುಂತುರಾಗಿ ಸಿಂಪಡಿಸುತ್ತಿದ್ದರು. ವೈದ್ಯರಿಗೂ ದಾದಿಯರಿಗೂ ಕೆಮ್ಮು, ಕಣ್ಣುರಿ. ಮುಂದೆ ತಿಳಿದದ್ದೇನೆಂದರೆ, ಗಾಳಿಗಿಂತ ಕೈ, ಉಪಕರಣ, ಬಟ್ಟೆಗಳಿಂದಲೇ ಸೋಂಕು ಹೆಚ್ಚು ಹರಡುತ್ತದೆ. 1890ರಲ್ಲಿ ಬರ್ಲಿನ್ನಿನ ವೈದ್ಯ ಸಮ್ಮೇಳನದಲ್ಲಿ ಲಿಸ್ಟರ್ ಸಿಂಪಡಣೆ ಬೇಕಿರಲಿಲ್ಲ ಎಂದು ಎಲ್ಲರ ಮುಂದೆ ಒಪ್ಪಿಕೊಂಡರು. ಉಪಕರಣಗಳನ್ನು ಬಿಸಿ ಹಬೆಯಲ್ಲಿಟ್ಟು, ಸೂಕ್ಷ್ಮಜೀವಿಗಳು ಗಾಯದ ಹತ್ತಿರ ಸುಳಿಯದಂತೆಯೇ ನೋಡಿಕೊಳ್ಳುವ ಪದ್ಧತಿ ಆಮೇಲೆ ಬೆಳೆಯಿತು. ಇಂದಿನ ಆಪರೇಷನ್ ಕೋಣೆಗಳಲ್ಲಿ ನಡೆಯುವುದು ಅದೇ.

1892ರ ಡಿಸೆಂಬರಿನಲ್ಲಿ ಪಾಶ್ಚರ್ ಅವರ 70ನೇ ಹುಟ್ಟುಹಬ್ಬ ಪ್ಯಾರಿಸ್ಸಿನಲ್ಲಿ ನಡೆಯಿತು. ಅಲ್ಲಿ ಲಿಸ್ಟರ್ ಅವರನ್ನು ಹೊಗಳಿ ಮಾತನಾಡಿದಾಗ ಪಾಶ್ಚರ್ ಎದ್ದುಬಂದು ತಬ್ಬಿಕೊಂಡರು. ಮರುವರ್ಷ ಆಗ್ನೆಸ್ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಲಿಸ್ಟರ್ 1895ರಿಂದ 1900ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 1897ರಲ್ಲಿ ಅವರಿಗೆ ಲಾರ್ಡ್ ಪದವಿ ಬಂತು. 1912ರ ಫೆಬ್ರವರಿ 10ರಂದು, 84ನೇ ವಯಸ್ಸಿನಲ್ಲಿ ನಿಧನರಾದರು. ಅವರನ್ನು ಪತ್ನಿಯ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಲಾಯಿತು.

ಬಾಗಿಲು ಮುಚ್ಚುವವರು ಯಾರು?

ಲಿಸ್ಟರ್ ಗಾಯದ ಬಾಗಿಲು ಕಾಯ್ದರು. ಆದರೆ ಬಾಗಿಲು ಮುಚ್ಚಿದ್ದು ಜೇಮ್ಸ್‌ನ ದೇಹ. ಅದು ಹೇಗೆ ಎಂಬುದು ಲಿಸ್ಟರ್ ಕಾಲದಲ್ಲಿ ತಿಳಿದಿರಲಿಲ್ಲ.

ಗಾಯವಾದೊಡನೆ ರಕ್ತದಲ್ಲಿರುವ ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಅಲ್ಲಿ ಗುಂಪುಗೂಡಿ ರಕ್ತವನ್ನು ನಿಲ್ಲಿಸುತ್ತವೆ. ಜೊತೆಗೆ ಕೆಲವು ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವಕ್ಕೆ ಬೆಳವಣಿಗೆಯ ಅಂಶಗಳು ಎನ್ನುತ್ತಾರೆ. ಇವು ಸುತ್ತಲಿನ ಜೀವಕೋಶಗಳಿಗೆ ಹೋಗುವ ಓಲೆಗಳಿದ್ದಂತೆ. ಓಲೆ ತಲುಪಿದ ಕೋಶಗಳು ಗಾಯದ ಕಡೆ ಸರಿಯುತ್ತವೆ, ಒಂದು ಎರಡಾಗಿ ಎರಡು ನಾಲ್ಕಾಗಿ ಒಡೆಯುತ್ತವೆ. ಹೊಸ ರಕ್ತನಾಳ, ಹೊಸ ಚರ್ಮ ಮೂಡುತ್ತದೆ.

ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಂಥ ಒಂದು ಅಂಶವನ್ನು ಕಂಡುಹಿಡಿದ ಬಗೆ ಸೊಗಸಾಗಿದೆ. ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಸುಮಾರು ಎರಡು ವಾರಕ್ಕೆ ತೆರೆಯಬೇಕಾದ ಅವುಗಳ ಕಣ್ಣು ಒಂದು ವಾರಕ್ಕೇ ತೆರೆಯಿತು! ಚರ್ಮದ ಕೋಶಗಳನ್ನು ಬೇಗ ಬೆಳೆಸುವ ಆ ಪ್ರೋಟೀನನ್ನು ಅವರು ಬೇರ್ಪಡಿಸಿದರು. 1986ರಲ್ಲಿ ಅವರಿಗೂ, ನರಗಳ ಬೆಳವಣಿಗೆಯ ಅಂಶವನ್ನು ಕಂಡ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ನೊಬೆಲ್ ಪ್ರಶಸ್ತಿ ಬಂತು.

ಸಕ್ಕರೆ ಕಾಯಿಲೆ ಇರುವ ಅಜ್ಜ ಅಜ್ಜಿಯರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದಿರುವುದನ್ನು ನೀವು ಕಂಡಿರಬಹುದು. ಅಂಥ ಹುಣ್ಣಿಗೆ ಹಚ್ಚಲು, ಕಿರುತಟ್ಟೆಗಳ ಬೆಳವಣಿಗೆಯ ಅಂಶವನ್ನು ಯೀಸ್ಟ್ ಕೋಶಗಳಲ್ಲಿ ತಯಾರಿಸಿದ ಮುಲಾಮಿಗೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದನ್ನು ವೈದ್ಯರ ಸಲಹೆಯಂತೆ ಮಾತ್ರ ಬಳಸಬೇಕು. ಎಲ್ಲ ಹುಣ್ಣಿಗೂ ಇದು ಮದ್ದಲ್ಲ. ಹಚ್ಚುವ ಮೊದಲು ಸತ್ತ ಮಾಂಸ ತೆಗೆದು ಹುಣ್ಣನ್ನು ಶುಚಿ ಮಾಡಲೇಬೇಕು. ಏಕೆಂದರೆ ಸೋಂಕಾದ ಗಾಯದಲ್ಲಿ ಈ ಓಲೆಗಳೇ ಹರಿದುಹೋಗುತ್ತವೆ. ಎಷ್ಟು ಹೊಸ ಔಷಧಿ ಬಂದರೂ ಲಿಸ್ಟರ್ ಕಲಿಸಿದ ಪಾಠವೇ ಮೊದಲ ಪಾಠ.

ನೀವು ಏನು ಮಾಡಬೇಕು?

ಗಾಯವಾದರೆ ಮೊದಲು ನಿಮ್ಮ ಕೈ ತೊಳೆದುಕೊಳ್ಳಿ. ಗಾಯವನ್ನು ಹರಿಯುವ ಶುದ್ಧ ನೀರಿನಿಂದ ತೊಳೆಯಿರಿ, ಸುತ್ತಲಿನ ಚರ್ಮಕ್ಕೆ ಸಾಬೂನು ಹಚ್ಚಿ ಶುಚಿಮಾಡಿ. ಶುಭ್ರವಾದ ಬಟ್ಟೆ ಕಟ್ಟಿ. ಮಣ್ಣು, ಸಗಣಿ, ಕಾಫಿಪುಡಿ, ಸುಣ್ಣ ಹಚ್ಚಬೇಡಿ. ಹಕ್ಕಳೆಯನ್ನು ಕೀಳಬೇಡಿ, ಅದರ ಕೆಳಗೆ ಹೊಸ ಚರ್ಮದ ಕೆಲಸ ನಡೆಯುತ್ತಿರುತ್ತದೆ. ಲಿಸ್ಟರ್ ಫೀನಾಲ್ ಬಳಸಿದರೆಂದು ಫಿನಾಯಿಲ್ ಮುಟ್ಟಬೇಡಿ, ಅದು ಚರ್ಮವನ್ನು ಸುಡುತ್ತದೆ. ಗಾಯ ಆಳವಾಗಿದ್ದರೆ, ತುಕ್ಕು ಹಿಡಿದ ಮೊಳೆ ಚುಚ್ಚಿದರೆ, ನಾಯಿ ಕಚ್ಚಿದರೆ ಮನೆಯವರಿಗೆ ಹೇಳಿ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮಾಡಿ ನೋಡಿ

ಬೇಯಿಸಿದ ಆಲೂಗಡ್ಡೆಯ ಮೂರು ಹೋಳುಗಳನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ. ಒಂದನ್ನು ಆಟವಾಡಿ ಬಂದ ಕೈಯಿಂದ ಮುಟ್ಟಿ. ಇನ್ನೊಂದನ್ನು ಸಾಬೂನಿನಿಂದ ತೊಳೆದ ಕೈಯಿಂದ ಮುಟ್ಟಿ. ಮೂರನೆಯದನ್ನು ಮುಟ್ಟದೆ ಶುಚಿಯಾದ ಚಮಚದಿಂದ ಎತ್ತಿಡಿ. ಮೂರನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಬಾಯಿ ಬಿಗಿದು, ಹೆಸರು ಬರೆದ ಚೀಟಿ ಅಂಟಿಸಿ ನೆರಳಿನಲ್ಲಿಡಿ. ಐದು ದಿನ ದಿನವೂ ನೋಡಿ ಬರೆದುಕೊಳ್ಳಿ. ಯಾವುದು ಬೇಗ ಕೆಟ್ಟಿತು? ಮುಟ್ಟದೆ ಇಟ್ಟ ಹೋಳು ಏಕೆ ಬೇಕಿತ್ತು? ಗೆಳೆಯರೊಂದಿಗೆ ಚರ್ಚಿಸಿ. ಚೀಲವನ್ನು ಮಾತ್ರ ಬಿಚ್ಚಬೇಡಿ. ಪ್ರಯೋಗ ಮುಗಿದ ಮೇಲೆ ಬಿಚ್ಚದೆಯೇ ಅದನ್ನು ಶಿಕ್ಷಕರ ಕೈಗೆ ಕೊಡಿ, ಆಮೇಲೆ ಕೈ ತೊಳೆಯಿರಿ.

ಮಧ್ಯಾಹ್ನದ ಊಟಕ್ಕೆ ಮುಂಚೆ ಕೈ ತೊಳೆಯಲು ನಲ್ಲಿಯ ಮುಂದೆ ಸಾಲಾಗಿ ನಿಂತಾಗ ಜೇಮ್ಸ್‌ನನ್ನು ಒಮ್ಮೆ ನೆನೆಸಿಕೊಳ್ಳಿ. ಅವನ ಕಾಲು ಉಳಿಸಿದ ತಿಳಿವಳಿಕೆಯೇ ಇಂದು ನಿಮ್ಮ ಕೈಗೂ ಸಾಬೂನು ಕೊಡುತ್ತಿದೆ.